ಇನ್ನೊಬ್ಬರ ಮನೆಯಲ್ಲಿ ಓದಿದವರು

ಮಡಿಕೇರಿಯಿಂದ ಯಾವ ದಿಕ್ಕಿಗೆ ಹೊರಟರೂ ಈಗ ಕಾಫಿ ತೋಟದ ಬೇಲಿಗೊಂದು 'ಹೋಂಸ್ಟೇ' ಫಲಕ ಸಿಗುತ್ತದೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಖಾಲಿ ಬಿದ್ದಿದ್ದ ಕೋಣೆಗಳಿಗೆ ಸುಣ್ಣ ಬಳಿದು ಬೆಂಗಳೂರಿನವರಿಗೆ ಕೊಡಲು ಆರಂಭಿಸಿದ ತೋಟದ ಮನೆಗಳು ಎಷ್ಟೋ. ಹಾಗಾಗಿ ಆ ಪದ ಕೇಳಿದೊಡನೆ ನಮಗೆ ನೆನಪಾಗುವುದು ಶನಿವಾರದ ಕಾರುಗಳು, ಪಂದಿಕರಿ, ಬೆಂಕಿಯ ಸುತ್ತ ಹಾಡು ಮತ್ತು ಭಾನುವಾರ ಸಂಜೆ ಕೈಗೆ ಬರುವ ಬಿಲ್ಲು.

ಕಳೆದ ವರ್ಷ ನನ್ನ ತಂಗಿಯ ಮಗಳು ಝೈನಬ್ ಆರು ತಿಂಗಳ ಓದಿಗೆಂದು ಜರ್ಮನಿಗೆ ಹೊರಟಾಗ ತುಂಬಿಸಬೇಕಾದ ಅರ್ಜಿಯಲ್ಲಿ ಅದೇ ಪದವಿತ್ತು. ಹಾಸ್ಟೆಲೋ, ಹೋಂಸ್ಟೇಯೋ? ಅವಳು ಎರಡನೆಯದಕ್ಕೆ ಗುರುತು ಹಾಕಿದ್ದಳು. ತಂಗಿ ನನಗೆ ಫೋನು ಮಾಡಿ ಅತ್ತಳು. "ಆಪಾ, ಯಾರೋ ಮುದುಕ ಮುದುಕಿಯ ಮನೆಯಂತೆ. ಅವರು ಹಂದಿ ಬೇಯಿಸಿದ ಪಾತ್ರೆಯಲ್ಲೇ ಇವಳಿಗೂ ಬೇಯಿಸಿದರೆ? ಹಾಸ್ಟೆಲಾದರೆ ತಾನೇ ಏನಾದರೂ ಮಾಡಿಕೊಳ್ಳುತ್ತಾಳೆ. ನೀನಾದರೂ ಬುದ್ಧಿ ಹೇಳು."

ನಾನು ಬುದ್ಧಿ ಹೇಳಲಿಲ್ಲ. ಆದರೆ ತಂಗಿಯ ಭಯ ಹುಸಿಯೆಂದೂ ನನಗೆ ಅನ್ನಿಸಲಿಲ್ಲ. ಕೊಡಗಿನ ಚರಿತ್ರೆ ಬಲ್ಲವರಿಗೆ ಆ ಭಯ ಹೊಸದಲ್ಲ. ಅದಕ್ಕೊಂದು ಹೆಸರಿದೆ: ಗೌರಮ್ಮ. ಅವಳ ವಿಷಯಕ್ಕೆ ಬರುವ ಮೊದಲು ನಮ್ಮ ಸುತ್ತಮುತ್ತಲೇ ಇನ್ನೊಬ್ಬರ ಮನೆಯಲ್ಲಿ ಉಂಡು, ಮಲಗಿ ಓದಿದವರ ಕೆಲವು ಮಾತುಗಳಿವೆ.

ಹೋಂಸ್ಟೇ ಎಂಬ ಮಾತು ಪ್ರವಾಸೋದ್ಯಮದಲ್ಲಿ ಹುಟ್ಟಿದ್ದಲ್ಲ. 1932ರಲ್ಲಿ ಅಮೆರಿಕದ ಡೊನಾಲ್ಡ್ ವಾಟ್ ಎಂಬವರು ತಮ್ಮ ದೇಶದ ಹುಡುಗರನ್ನು ಯುರೋಪಿಗೆ ಕರೆದೊಯ್ಯುವ ಒಂದು ಪ್ರಯೋಗ ಶುರುಮಾಡಿದರು. ಆ ಸಂಸ್ಥೆಯ ಹೆಸರಿನಲ್ಲೇ 'ಪ್ರಯೋಗ' ಎಂಬ ಶಬ್ದವಿತ್ತು. ಪರದೇಶವನ್ನು ಅರಿಯಬೇಕಾದರೆ ಅಲ್ಲಿಯ ಒಂದು ಮನೆಯಲ್ಲಿ ಮನೆಯ ಮಗುವಾಗಿ ಇರಬೇಕು ಎನ್ನುವುದು ಆ ಪ್ರಯೋಗದ ತಿರುಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ವಿಚಾರಕ್ಕೆ ಇನ್ನಷ್ಟು ಬಲ ಬಂತು. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಹೊತ್ತು ತಂದಿದ್ದ ಅಮೆರಿಕದ ಆಂಬುಲೆನ್ಸ್ ಚಾಲಕರ ಒಂದು ಸಂಘ 1947ರಲ್ಲಿ ವಿದ್ಯಾರ್ಥಿಗಳ ವಿನಿಮಯವನ್ನು ಕೈಗೆತ್ತಿಕೊಂಡಿತು. ಒಬ್ಬರ ಮನೆಯಲ್ಲಿ ಒಂದು ವರ್ಷ ಉಂಡವನು ಆ ಮನೆಯ ಮೇಲೆ ಬಾಂಬು ಹಾಕಲು ಹಿಂಜರಿಯುತ್ತಾನೆ ಎಂಬ ನಂಬಿಕೆ ಇದರ ಹಿಂದೆ ಇದ್ದಿರಬೇಕು.

ಅಮೆರಿಕದವರಿಗೆ ಅದು ಪ್ರಯೋಗ. ನಮ್ಮಲ್ಲಿ ಅದಕ್ಕೆ ಹೆಸರಿಟ್ಟು ಬಹಳ ಕಾಲವಾಗಿತ್ತು. ನಾನು ಬೆಳೆದದ್ದು ಸುಂಟಿಕೊಪ್ಪದ ಕಡೆ. ನಮ್ಮದು ಉರ್ದು ಮಾತಿನ ಮನೆ. ಹತ್ತಿರದ ಪಳ್ಳಿ ಮಾತ್ರ ಮಲಯಾಳ ಮಾತಿನವರದು. ಆ ಪಳ್ಳಿಯಲ್ಲಿ ದರ್ಸ್ ನಡೆಯುತ್ತಿತ್ತು. ಕಾಸರಗೋಡಿನಿಂದಲೋ ಪುತ್ತೂರಿನಿಂದಲೋ ಬಂದ ಹುಡುಗರು ಪಳ್ಳಿಯ ಮಹಡಿಯಲ್ಲಿ ಮಲಗಿ, ಉಸ್ತಾದರ ಮುಂದೆ ಕಿತಾಬು ಓದುತ್ತಿದ್ದರು. ಅಲ್ಲಿ ಅಡಿಗೆಮನೆ ಇರಲಿಲ್ಲ. ಒಬ್ಬೊಬ್ಬ ಹುಡುಗನಿಗೆ ಜಮಾಅತಿನ ಒಂದೊಂದು ಮನೆ ಗೊತ್ತಾಗಿರುತ್ತಿತ್ತು. ಅದಕ್ಕೆ 'ಚೆಲವು' ಎನ್ನುತ್ತಾರೆ. ಆ ಹುಡುಗ ಆ ಮನೆಯ 'ಚೆಲವುಕುಟ್ಟಿ'. ಪೊನ್ನಾನಿಯ ಮಖ್ದೂಮರ ಕಾಲದಿಂದ ಕರಾವಳಿಯುದ್ದಕ್ಕೂ ಬೆಳೆದುಬಂದ ವಿದ್ಯೆಯ ದಾರಿ ಇದು. ಇದರ ಬೇರು ಇನ್ನೂ ಹಿಂದಕ್ಕೆ, ಮದೀನಾದ ಮಸೀದಿಯ ಜಗಲಿಯಲ್ಲಿದ್ದ ಸುಫ್ಫಾದವರವರೆಗೆ ಹೋಗುತ್ತದೆ. ಮನೆಯಿಲ್ಲದ ಆ ಕಲಿಯುವವರನ್ನು ಸಹಾಬಿಗಳು ಒಬ್ಬೊಬ್ಬರಾಗಿ ಊಟಕ್ಕೆ ಕರೆದೊಯ್ಯುತ್ತಿದ್ದರು.

ಕರಾವಳಿಯಲ್ಲಿ ಮನೆಗಳು ಹತ್ತಿರ ಹತ್ತಿರ. ಕೊಡಗಿನಲ್ಲಿ ಹಾಗಲ್ಲ. ಚೆಲವಿನ ಹುಡುಗ ರಾತ್ರಿ ಊಟಕ್ಕೆ ತೋಟದೊಳಗೆ ಅರ್ಧ ಮೈಲು ನಡೆದು ಬರಬೇಕು. ಜೂನ್ ಜುಲೈ ತಿಂಗಳಲ್ಲಿ ಜಿಗಣೆ, ಗಾಳಿ, ಕೈಯಲ್ಲಿ ಬ್ಯಾಟರಿ. ನಮ್ಮ ಮನೆಗೆ ಬರುತ್ತಿದ್ದ ಹುಡುಗನಿಗೆ ಹದಿನಾಲ್ಕೋ ಹದಿನೈದೋ ವರ್ಷ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ, ಅಷ್ಟೆ. ಅಮ್ಮಿಗೆ ಮಲಯಾಳ ಬಾರದು, ಅವನಿಗೆ ಉರ್ದು ಬಾರದು. ಮೊದಲ ತಿಂಗಳು ಇಬ್ಬರ ನಡುವೆ ನಡೆದದ್ದು ತಟ್ಟೆಯ ಸದ್ದು ಮಾತ್ರ. ಅಮ್ಮಿಯ ಖಾರದ ಸಾಲನ್ ಅವನಿಗೆ ಹಿಡಿಸುತ್ತಿರಲಿಲ್ಲ. ಅದನ್ನು ಅವನು ಹೇಳಲಿಲ್ಲ, ತಟ್ಟೆ ಹೇಳಿತು. ಅಮ್ಮಿ ನೆರೆಮನೆಯ ಉಮ್ಮನನ್ನು ಕೇಳಿ ತೆಂಗಿನಕಾಯಿ ಅರೆದು ಮೀನು ಸಾರು ಮಾಡುವುದನ್ನು ಕಲಿತಳು. ವರ್ಷ ಕಳೆಯುವಷ್ಟರಲ್ಲಿ ಅವನು ಅಬ್ಬಾಗೆ ದಖನಿಯಲ್ಲಿ ಜೋಕು ಹೇಳುತ್ತಿದ್ದ. ನನ್ನ ತಮ್ಮನಿಗೆ ಅಲಿಫ್ ಬೇ ಕಲಿಸುತ್ತಿದ್ದ. ಮೂರು ವರ್ಷ ಕಳೆದು ಬೇರೆ ದರ್ಸಿಗೆ ಹೊರಟಾಗ ಅಮ್ಮಿ ಅವನಿಗೆ ಒಂದು ಅಂಗಿ ಹೊಲಿಸಿಕೊಟ್ಟಳು. ಈಗ ಅವನೇ ಎಲ್ಲೋ ಉಸ್ತಾದ್ ಆಗಿದ್ದಾನೆ. ನಮ್ಮ ಮನೆಯಲ್ಲಿ ಇಂದಿಗೂ ತೆಂಗಿನಕಾಯಿ ಅರೆದ ಮೀನು ಸಾರೇ ನಡೆಯುತ್ತಿದೆ.

ಕನ್ನಡ ನಾಡಿನ ಬ್ರಾಹ್ಮಣ ಮನೆಗಳ ವಾರಾನ್ನವೂ ಇದೇ ಬಗೆಯದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ದಿನಕ್ಕೆ ಏಳು ಜಗಲಿ ಹಿಡಿದು ಬಡ ಹುಡುಗರು ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದಿದರು. ಹಳೆಯ ಆತ್ಮಕಥೆಗಳನ್ನು ತೆಗೆದರೆ ಈ ಪ್ರಸ್ತಾಪ ಅಲ್ಲಲ್ಲಿ ಸಿಗುತ್ತದೆ. ಕೆಲವರಿಗೆ ಅದರ ನೆನಪು ಸಿಹಿ, ಕೆಲವರಿಗೆ ಕಹಿ. ಬಡಿಸುವ ಕೈ ಹೇಗಿತ್ತು ಎಂಬುದರ ಮೇಲೆ ಅದು ನಿಂತಿತ್ತು. ಆದರೆ ವಾರಾನ್ನಕ್ಕೆ ಒಂದು ಗೋಡೆಯಿತ್ತು. ಜಾತಿ ಬೇರೆಯಾದರೆ ಜಗಲಿಯೂ ಇಲ್ಲ, ಎಲೆಯೂ ಇಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಾತಿಗೊಂದು ವಿದ್ಯಾರ್ಥಿ ನಿಲಯ ಹುಟ್ಟಿದ್ದು ಸುಮ್ಮನೆ ಅಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ದುಡಿಯಲು ಹೊರಟಾಗ ಶಾಲೆಯ ಜೊತೆಗೆ ಮಲಗುವ ಜಾಗವನ್ನೂ ಉಣ್ಣುವ ತಟ್ಟೆಯನ್ನೂ ಯೋಚಿಸಬೇಕಾಯಿತು.

ಈ ಗೋಡೆಯ ವಿಷಯ ಹೇಳುವಾಗ ಕೊಡಗಿಗೆ ಸೇರಿದ ಒಂದು ಸಂಗತಿ ನೆನಪಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ತಂದೆಯನ್ನು ಕಳೆದುಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರಿಗೆ ಆಸರೆಯಾದದ್ದು ಅಲ್ಲಿ ನೆಲೆಸಿದ್ದ ಕೊಡಗಿನ ಒಂದು ಕುಟುಂಬ. ಆ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಅಲ್ಲಿಯೇ ಇರುತ್ತಿದ್ದರು. ಊಟಕ್ಕೆ ಮಾತ್ರ ಸೋದರಮಾವನ ಮನೆಗೆ ನಡೆದು ಹೋಗಿ ಬರುತ್ತಿದ್ದರು. ಯಾಕೆ ಎಂಬುದು ಅಂದಿನ ಮಡಿ ಮೈಲಿಗೆಯ ಲೆಕ್ಕ ಬಲ್ಲವರಿಗೆ ಊಹಿಸಲು ಕಷ್ಟವಲ್ಲ. 1881ರಲ್ಲಿ ಅವರು ಬಿ.ಎ. ಮುಗಿಸಿದರು. ಕನ್ನಂಬಾಡಿಯನ್ನು ಕಟ್ಟಿಸಿ, ಕೊಡಗಿನಲ್ಲಿ ಹುಟ್ಟುವ ಕಾವೇರಿಯನ್ನು ತಡೆದು ನಿಲ್ಲಿಸಿದವರಿಗೆ ಒಂದು ಕಾಲಕ್ಕೆ ಸೂರು ಕೊಟ್ಟದ್ದು ಕೊಡಗಿನವರು ಎನ್ನುವುದು ನಮ್ಮ ಜಿಲ್ಲೆಯಲ್ಲೇ ಹೆಚ್ಚು ಜನಕ್ಕೆ ತಿಳಿಯದು.

ಕೊಡಗಿನ ಹುಡುಗರಿಗಂತೂ ಬೇರೆಯವರ ಊರಿಗೆ ಹೋಗದೆ ಓದು ಇರಲಿಲ್ಲ. ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಬಂದದ್ದೇ 1949ರಲ್ಲಿ. ಅದಕ್ಕೂ ಮುನ್ನ ಹೈಸ್ಕೂಲು ಮುಗಿದರೆ ಮಂಗಳೂರು, ಮೈಸೂರು, ಇಲ್ಲವೇ ಮದ್ರಾಸು. ಆ ಕಾಲೇಜಿಗೆ ಇಂದು ಹೆಸರಾಗಿರುವ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಮುಗಿಸಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದವರೇ.

ಇನ್ನು ಗೌರಮ್ಮ.

1834ರ ಏಪ್ರಿಲ್‌ನಲ್ಲಿ ಬ್ರಿಟಿಷರು ಮಡಿಕೇರಿಯನ್ನು ಹಿಡಿದು ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಮಾಸ್ತಿಯವರ 1956ರ ಕಾದಂಬರಿಯಿಂದಾಗಿ ಈ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ರಾಜನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಸಾಗಿಸಲಾಯಿತು. 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು ಗೌರಮ್ಮ. ಅವಳು ಕೊಡಗನ್ನು ಕಂಡವಳೇ ಅಲ್ಲ.

ರಾಜನಿಗೆ ಕಂಪನಿಯಿಂದ ಬರಬೇಕಾದ ಹಣದ ತಕರಾರಿತ್ತು. ಹಿಂದಿನ ಅರಸ ದೊಡ್ಡವೀರರಾಜೇಂದ್ರ ಕಂಪನಿಯಲ್ಲಿ ಇಟ್ಟಿದ್ದ ಠೇವಣಿ ತನಗೆ ಸೇರಬೇಕೆಂದು ಅವನ ವಾದ. ಅದನ್ನು ಲಂಡನ್ನಿನಲ್ಲೇ ಇತ್ಯರ್ಥ ಮಾಡಿಸಬೇಕೆಂದು ಹೊರಟ. ಸೆರೆಯಲ್ಲಿದ್ದ ರಾಜನಿಗೆ ಸಮುದ್ರ ದಾಟಲು ಅನುಮತಿ ಬೇಕಲ್ಲ. ಅದಕ್ಕೆ ಅವನು ಕೊಟ್ಟ ಕಾರಣ ಮಗಳ ವಿದ್ಯಾಭ್ಯಾಸ. ಅವಳನ್ನು ಇಂಗ್ಲಿಷರ ನಡುವೆ, ಕ್ರೈಸ್ತಳಾಗಿ ಬೆಳೆಸುತ್ತೇನೆ ಎಂದ. ಮಗಳ ಓದು ಅಪ್ಪನ ರಹದಾರಿ ಪತ್ರವಾಯಿತು.

1852ರಲ್ಲಿ ಅಪ್ಪ ಮಗಳು ಇಂಗ್ಲೆಂಡು ಮುಟ್ಟಿದರು. ಆ ಬೇಸಿಗೆಯಲ್ಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ನೆರವೇರಿಸಿದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ರಾಣಿಯ ಹೆಸರನ್ನೇ ಅವಳಿಗೆ ಇಡಲಾಯಿತು: ವಿಕ್ಟೋರಿಯಾ ಗೌರಮ್ಮ. ವಿಂಟರ್‌ಹಾಲ್ಟರ್ ಎಂಬ ದೊಡ್ಡ ಚಿತ್ರಕಾರ ಅದೇ ವರ್ಷ ಅವಳ ಚಿತ್ರ ಬರೆದ. ಮೈತುಂಬ ನಮ್ಮ ಕಡೆಯ ಒಡವೆ, ಕೈಯಲ್ಲಿ ಬೈಬಲ್. ಅದರ ಒಂದು ಅಚ್ಚನ್ನು ಪುಸ್ತಕದಲ್ಲಿ ಬಹಳ ಹೊತ್ತು ನೋಡಿದ್ದೇನೆ. ಹನ್ನೊಂದು ವರ್ಷದ ಹುಡುಗಿಯ ಮುಖದಲ್ಲಿ ಏನನ್ನು ಬೇಕಾದರೂ ಓದಬಹುದು. ಆದ್ದರಿಂದ ನಾನೇನೂ ಓದುವುದಿಲ್ಲ.

ಆ ಮೇಲೆ ಅವಳನ್ನು ಮನೆಗಳಿಗೆ ಒಪ್ಪಿಸುವ ಕೆಲಸ ಶುರುವಾಯಿತು. ಮೊದಲು ಭಾರತದಲ್ಲಿ ಸೈನ್ಯದಲ್ಲಿದ್ದ ಮೇಜರ್ ಡ್ರಮಂಡ್ ಎಂಬವನ ಪತ್ನಿಯ ವಶಕ್ಕೆ. ಆಮೇಲೆ ಬೇರೊಬ್ಬ ಶ್ರೀಮಂತ ಮಹಿಳೆಯ ಮನೆ. ಕೊನೆಗೆ ಸರ್ ಜಾನ್ ಲಾಗಿನ್ ದಂಪತಿಗಳ ಮನೆ. ಈ ಲಾಗಿನ್‌ಗೆ ಅನುಭವವಿತ್ತು. ಲಾಹೋರಿನ ಸಿಂಹಾಸನ ಕಳೆದುಕೊಂಡ ಬಾಲಕ ದುಲೀಪ್ ಸಿಂಗನನ್ನು ಸಾಕಿ, ಕ್ರೈಸ್ತನಾಗುವವರೆಗೆ ಪಕ್ಕದಲ್ಲಿದ್ದವನು ಅವನೇ. ಒಂದು ಮನೆಗೆ ಎರಡು ಕಳಚಿದ ಕಿರೀಟಗಳು. ಇಬ್ಬರಿಗೂ ಮದುವೆಯಾದರೆ ಎಷ್ಟು ಚೆಂದ ಎಂದು ರಾಣಿಗೆ ಅನ್ನಿಸಿತ್ತು. ದುಲೀಪ್ ಸಿಂಗ್ ಒಪ್ಪಲಿಲ್ಲ.

ಈ ಮನೆಗಳವರು ಕೆಟ್ಟವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರು ಅವಳಿಗೆ ಓದು ಬರಹ, ಸಂಗೀತ, ಕುದುರೆ ಸವಾರಿ, ಮೇಜಿನ ಮರ್ಯಾದೆ ಎಲ್ಲವನ್ನೂ ಕಲಿಸುವ ಮನೆತನದವರು. ರಾಣಿಗೂ ಅವಳ ಮೇಲೆ ಮಮತೆಯಿತ್ತು. ಆದರೆ ಒಂದು ಕಟ್ಟಳೆ ಇತ್ತು. ಅಪ್ಪ ಅದೇ ಲಂಡನ್ನಿನಲ್ಲಿದ್ದರೂ ಅವಳನ್ನು ಬೇಕೆಂದಾಗ ಕಾಣುವಂತಿರಲಿಲ್ಲ. ಹಳೆಯ ಧರ್ಮದ, ಹಳೆಯ ಮನೆಯ ಗಾಳಿ ಮಗುವಿಗೆ ಸೋಕೀತೆಂಬ ಹೆದರಿಕೆ. ಚೆಲವಿನ ಹುಡುಗ ಬಕ್ರೀದಿಗೆ ಊರಿಗೆ ಹೋಗಿಬಂದರೆ ನಮ್ಮ ಅಮ್ಮಿ ಮೊದಲು ಕೇಳುತ್ತಿದ್ದುದು "ನಿಮ್ಮ ಅಮ್ಮಿ ಹೇಗಿದ್ದಾರೆ?" ಎಂದು. ಆ ದೊಡ್ಡ ಮನೆಗಳಲ್ಲಿ ಗೌರಮ್ಮನನ್ನು ಯಾರಾದರೂ ಹಾಗೆ ಕೇಳಿದರೋ?

ರಾಜನ ದಾವೆ ಮುಗಿಯಲಿಲ್ಲ. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಮರುವರ್ಷ ಗೌರಮ್ಮನ ಮದುವೆ ಲೇಡಿ ಲಾಗಿನ್‌ಳ ಸೋದರ ಕರ್ನಲ್ ಜಾನ್ ಕ್ಯಾಂಬೆಲ್ ಜೊತೆ ಆಯಿತು. ಅವನು ವಿಧುರ, ಅವಳಿಗಿಂತ ಬಹಳ ದೊಡ್ಡವನು. 1861ರಲ್ಲಿ ಎಡಿತ್ ಎಂಬ ಹೆಣ್ಣು ಮಗು. 1864ರಲ್ಲಿ ಕ್ಷಯರೋಗದಿಂದ ಗೌರಮ್ಮ ಸತ್ತಳು. ಇಪ್ಪತ್ತಮೂರು ತುಂಬಿರಲಿಲ್ಲ. ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಅಪ್ಪ ಮಗಳು ಅಲ್ಲಿಯೂ ಬೇರೆ ಬೇರೆ. ಹೆಂಡತಿ ಸತ್ತ ಮೇಲೆ ಗಂಡ ಕಾಣೆಯಾದ, ಅವಳ ಒಡವೆಗಳೂ ಕಾಣೆಯಾದವು ಎಂಬ ಕಥೆಯನ್ನು ಕೊಡಗಿನವರೇ ಆದ ಸಿ.ಪಿ. ಬೆಳ್ಳಿಯಪ್ಪ ಈ ರಾಜಕುಮಾರಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ ವಿವರವಾಗಿ ಓದಬಹುದು.

ಅವಳ ಕಾಲದಲ್ಲೇ ಕರಾವಳಿಯ ಒಬ್ಬ ಯುವಕ ಯುರೋಪಿಗೆ ಓದಲು ಹೋಗಿ ಬಂದಿದ್ದ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ. 1844ರಲ್ಲಿ ಕ್ರೈಸ್ತನಾಗಿ, ಗುರು ಹರ್ಮನ್ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಅವನೂ ಬಹಳ ಕಳೆದುಕೊಂಡ. ಬಂಧುಗಳು ದೂರವಾದರು, ಹೆಂಡತಿ ಅವನ ಜೊತೆ ಬರಲಿಲ್ಲ. ಆದರೆ ಹೋಗುವ ನಿರ್ಧಾರ ಅವನದೇ ಆಗಿತ್ತು. ಮರಳುವ ದಾರಿ ತೆರೆದಿತ್ತು. ಕೊಡಗಿನ ಸಿದ್ದಾಪುರದ ಹತ್ತಿರ ಆನಂದಪುರ ಎಂಬ ಊರು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಗೌರಮ್ಮನ ಹೆಸರಿನ ಊರು ಕೊಡಗಿನಲ್ಲಿರುವುದನ್ನು ನಾನು ಕೇಳಿಲ್ಲ.

ಹಾಗಾದರೆ ಪರರ ಮನೆಯಲ್ಲಿ ಓದುವವರಿಗೆ ದಕ್ಕುವುದೇನು? ಉರ್ದು ಓದಿದವರಿಗೆ ಇಲ್ಲಿ ಅತಿಯಾ ಫೈಜಿ ನೆನಪಾಗಬೇಕು. 1906ರಲ್ಲಿ ಅಧ್ಯಾಪಕಿಯ ತರಬೇತಿಗೆಂದು ಲಂಡನ್ನಿಗೆ ಹೋದ ಮುಸ್ಲಿಂ ಹೆಣ್ಣುಮಗಳು. ಅಲ್ಲಿಂದ ಬರೆದ ದಿನಚರಿ ಲಾಹೋರಿನ ಮಹಿಳಾ ಪತ್ರಿಕೆ 'ತಹಜೀಬೆ ನಿಸ್ವಾಂ'ನಲ್ಲಿ ಬಂತು. ಮುಂದೆ 'ಜಮಾನ-ಎ-ತಹಸೀಲ್' ಎಂಬ ಪುಸ್ತಕವಾಯಿತು. 1907ರ ಬೇಸಿಗೆಯಲ್ಲಿ ಅವಳು ಹೈಡಲ್‌ಬರ್ಗ್‌ಗೆ ಹೋದಾಗ ಅಲ್ಲಿದ್ದವರು ಇಕ್ಬಾಲ್. ಕೇಂಬ್ರಿಜಿನಲ್ಲಿ ಓದು ಮುಗಿಸಿ, ಮ್ಯೂನಿಕ್‌ನ ಡಾಕ್ಟರೇಟಿಗಾಗಿ ಜರ್ಮನ್ ಕಲಿಯಲು ಅಲ್ಲಿಯ ಒಂದು ವಸತಿಮನೆಯಲ್ಲಿದ್ದರು. ಕಲಿಸಿದವಳು ಎಮ್ಮಾ ವೇಗನಾಸ್ಟ್ ಎಂಬ ತರುಣಿ. ಊರಿಗೆ ಮರಳಿದ ಎಷ್ಟೋ ವರ್ಷಗಳ ಮೇಲೂ ಇಕ್ಬಾಲ್ ಅವಳಿಗೆ ಕಾಗದ ಬರೆಯುತ್ತಿದ್ದರು. ಹೈಡಲ್‌ಬರ್ಗ್‌ನಲ್ಲಿ ನದಿಯ ದಂಡೆಯ ಒಂದು ರಸ್ತೆಗೆ ಇಂದು ಅವರ ಹೆಸರಿದೆ. ಅವರ ಕಾವ್ಯದಲ್ಲಿ ಗಯಟೆ ಅಷ್ಟು ಆಪ್ತನಾಗಿ ಬರುವುದಕ್ಕೆ ಗ್ರಂಥಾಲಯದಷ್ಟೇ ಆ ಮನೆಯ ಊಟದ ಮೇಜೂ ಕಾರಣವೆಂದು ನನ್ನ ಊಹೆ.

ನನ್ನದೇ ಮಾತೂ ಒಂದಿದೆ. ಡಿಗ್ರಿಗೆಂದು ಮೈಸೂರಿಗೆ ಹೋದಾಗ ಮೊದಲ ವರ್ಷ ನನಗೆ ಹಾಸ್ಟೆಲ್ ಸಿಗಲಿಲ್ಲ. ಅಬ್ಬಾ ಮತ್ತು ನಾನು ಬಾಡಿಗೆ ಕೋಣೆಗಾಗಿ ಮೂರು ದಿನ ಬೀದಿ ಸುತ್ತಿದೆವು. ಹೆಸರು ಹೇಳುವವರೆಗೆ ಕೋಣೆ ಖಾಲಿ ಇರುತ್ತಿತ್ತು. ಹೇಳಿದ ಮೇಲೆ ಯಾರೋ ನೆಂಟರು ಬರುವವರಿರುತ್ತಿದ್ದರು. ಕೊನೆಗೆ ಒಪ್ಪಿದವರು ನಿವೃತ್ತ ಪ್ರೈಮರಿ ಶಾಲೆಯ ಟೀಚರಮ್ಮ. ವಿಧವೆ, ಲಿಂಗವಂತರು, ಮೊಟ್ಟೆಯನ್ನೂ ಮನೆಗೆ ತರಕೂಡದು ಎಂದು ಮೊದಲೇ ಹೇಳಿದರು. ಸರಿ ಎಂದೆ. ನನಗೆಂದು ಬೇರೆ ಒಂದು ತಟ್ಟೆ, ಒಂದು ಲೋಟ ಇಟ್ಟಿದ್ದರು. ಅದನ್ನು ನಾನೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಇಡಬೇಕು. ಮೊದಲ ಕೆಲವು ತಿಂಗಳು ಆ ತಟ್ಟೆಯ ಮುಂದೆ ಕೂತಾಗ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ರಮಜಾನ್ ಬಂತು. ಸಹರಿಗೆ ನಾಲ್ಕು ಗಂಟೆಗೆ ಸದ್ದಾಗದಂತೆ ಎದ್ದು ಬ್ರೆಡ್ಡು ತಿನ್ನುತ್ತಿದ್ದೆ. ಮೂರನೆಯ ದಿನ ಎದ್ದಾಗ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಟೀಚರಮ್ಮ ರೊಟ್ಟಿ ತಟ್ಟುತ್ತಿದ್ದರು. "ಹಗಲೆಲ್ಲ ಉಪವಾಸ ಇರೋ ಹುಡುಗಿ ಬ್ರೆಡ್ ತಿಂದ್ರೆ ಆಗುತ್ತೇನೆ?" ಎಂದು ಗದರಿದರು. ಬಡಿಸಿದ ತಟ್ಟೆ ಅವರ ಮನೆಯ ತಟ್ಟೆ. ಕಿಟಕಿಯ ಕಟ್ಟೆಯ ಮೇಲಿನ ತಟ್ಟೆ ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಮೂರು ವರ್ಷದಲ್ಲಿ ನಾನು ಕಾಲೇಜಿನಲ್ಲಿ ಕಲಿತದ್ದು ಪರೀಕ್ಷೆಗೆ ಆಯಿತು. ಕಥೆ ಬರೆಯುವ ಕನ್ನಡ ಸಿಕ್ಕಿದ್ದು ಆ ಅಡಿಗೆಮನೆಯಲ್ಲಿ. ಶಾಲೆಯ ಕನ್ನಡದಲ್ಲಿ ಸಿಟ್ಟು ಮಾಡಲು, ಮುನಿಸಿಕೊಳ್ಳಲು, ಹಾಲು ಉಕ್ಕುವ ಹೊತ್ತಿಗೆ ಕೂಗಲು ಮಾತುಗಳಿರಲಿಲ್ಲ. ಹಾಸ್ಟೆಲಿನಲ್ಲಿದ್ದಿದ್ದರೆ ನನ್ನಂಥವರ ಜೊತೆಗೇ ಉರ್ದುವಿನಲ್ಲಿ ಹರಟಿ ಮೂರು ವರ್ಷ ಕಳೆಯುತ್ತಿದ್ದೆ. ಟೀಚರಮ್ಮನೂ ನನ್ನಿಂದ ಏನೋ ಕಲಿತರು ಎನ್ನುವುದಕ್ಕೆ ಸಾಕ್ಷಿ ಇದೆ. ಚಂದ್ರ ಕಂಡ ಸುದ್ದಿ ಬಂದಿತೇ ಎಂದು ನನಗಿಂತ ಮೊದಲು ಅವರೇ ಪಕ್ಕದ ಮನೆಯಲ್ಲಿ ವಿಚಾರಿಸುತ್ತಿದ್ದರು.

ಇದನ್ನೆಲ್ಲ ತಂಗಿಗೆ ಹೇಳಿದೆ. ಗೌರಮ್ಮನ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ಹುಡುಗಿಗೆ ವಾಪಸು ಟಿಕೆಟು ಇದೆಯಲ್ಲ?" ಇತ್ತು. ದಿನಾ ಫೋನೂ ಇತ್ತು. ಗೌರಮ್ಮನಿಗೆ ಇಲ್ಲದಿದ್ದದ್ದು ಇವೆರಡೇ ಅಲ್ಲವೇ ಎಂದು ಯೋಚಿಸುತ್ತ ಉಳಿದೆ. ಇಷ್ಟೇ ಅಲ್ಲ ಎಂದು ಈಗ ಅನ್ನಿಸುತ್ತದೆ.

ಝೈನಬ್ ಹೋದ ಮನೆಯ ಮುದುಕಿ ಮೊದಲ ವಾರವೇ ಹೊಸ ಬಾಣಲೆಯೊಂದನ್ನು ತಂದು ಇದು ನಿನ್ನದು ಎಂದರಂತೆ. ತಂಗಿಗೆ ಅಷ್ಟು ಸಾಕಾಯಿತು. ಹುಡುಗಿಗೆ ಸಾಲಲಿಲ್ಲ. ಜರ್ಮನರು 'ಝ' ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರವನ್ನು ತಮ್ಮ ರೀತಿಯಲ್ಲಿ 'ತ್ಸ' ಎಂದು ಓದುತ್ತಾರೆ. ಮನೆಯವರು ಅವಳನ್ನು 'ತ್ಸೈನಬ್' ಎನ್ನುತ್ತಿದ್ದರು. ಎರಡು ವಾರ ಸುಮ್ಮನಿದ್ದಳು. ಮೂರನೆಯ ವಾರ ಊಟದ ಹೊತ್ತಿಗೆ, ನನ್ನ ಹೆಸರು ಹಾಗಲ್ಲ, ಹೀಗೆ ಎಂದು ಹೇಳಿಬಿಟ್ಟಳು. ಮುದುಕಿ ನಾಲ್ಕು ಸಲ ಅವಳ ಬಾಯಿಂದ ಹೇಳಿಸಿಕೊಂಡು, ತಮ್ಮ ಲಿಪಿಯಲ್ಲಿ ಆ ಸದ್ದು ಹೇಗೆ ಬರುತ್ತದೋ ಹಾಗೆ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಗಂಡನಿಗೂ ನೆನಪಿರಲಿ ಎಂದು. ಆ ಚೀಟಿಯ ಫೋಟೊ ತಂಗಿಯ ಫೋನಿನಲ್ಲಿ ಈಗಲೂ ಇದೆ.